ಮಂಗಳವಾರದ ಡಾಕ್ಟರ್ ಹತ್ತಿರ ಬಡವರು ತಲುಪುವ ಹಾಗೆ ಮಾಡುವುದು ಹೇಗೆ

ನಿಮ್ಮ ತಾಲ್ಲೂಕಿನಲ್ಲಿ ಬಡವರಿಗೆ ಮನಸ್ಸಿನ ಕಾಯಿಲೆಗೆ, ಕುಡಿತಕ್ಕೆ ಸರಿಯಾದ ಚಿಕಿತ್ಸೆ ಸಿಗುತ್ತಿಲ್ಲ, ಏನಾದರೂ ಮಾಡಬೇಕು ಅಂತ ಅನ್ನಿಸಿದಾಗ ಎಲ್ಲರಿಗೂ ಮೊದಲು ಬರುವ ಯೋಚನೆ ಒಂದೇ. ಒಂದು ಕೇಂದ್ರ ತೆರೆಯೋಣ. ಜಾಗ ನೋಡೋಣ, ಬೋರ್ಡ್ ಬರೆಸೋಣ, ದಾನಿಗಳನ್ನು ಕೇಳೋಣ. ನಾವು ಐದಾರು ಜನ ಸೇರಿದಾಗಲೂ ಇದೇ ಮಾತು. ಆರು ತಿಂಗಳು ಬಾಡಿಗೆ ಮನೆ ಹುಡುಕಿದೆವು.

ಆಮೇಲೆ ಒಂದು ಮಂಗಳವಾರ ಬೇರೆ ಕೆಲಸಕ್ಕೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಕೊನೆಯ ಕೋಣೆಯಲ್ಲಿ ಮನೋವೈದ್ಯರು ಕೂತಿದ್ದರು. ಹೊರಗೆ ಬೆಂಚಿನ ಮೇಲೆ ಏಳು ಜನ. ಹನ್ನೆರಡೂವರೆಗೆ ಬೆಂಚು ಖಾಲಿ. ನಮ್ಮ ಊರಿನಲ್ಲೇ, ನನಗೆ ಗೊತ್ತಿದ್ದ ಹಾಗೆ, ಐದು ಮನೆಯಲ್ಲಿ ಚಿಕಿತ್ಸೆ ಇಲ್ಲದೆ ಬಿದ್ದವರಿದ್ದರು. ಡಾಕ್ಟರ್ ಇದ್ದಾರೆ, ಮಾತ್ರೆ ಇದೆ, ಕಾಯಿಲೆಯವರೂ ಇದ್ದಾರೆ. ನಡುವೆ ಇದ್ದದ್ದು ಹದಿನೆಂಟು ಕಿಲೋಮೀಟರ್, ಒಂದು ದಿನದ ಕೂಲಿ, ಮತ್ತೆ ಊರವರ ಬಾಯಿ.

ಅವತ್ತಿಗೆ ಮನೆ ಹುಡುಕುವುದು ನಿಲ್ಲಿಸಿದೆವು. ಈ ಬರಹ ಆ ನಡುವಿನ ದಾರಿಯ ಬಗ್ಗೆ. ಕಟ್ಟಡ ಬೇಡ ಅಂತಲ್ಲ. ಮೊದಲು ಕೈಹಿಡಿದು ಕರೆದುಕೊಂಡು ಹೋಗುವವರು ಬೇಕು, ವಾಪಸ್ ಬಂದ ಮೇಲೆ ಮನೆ ಬಾಗಿಲಿಗೆ ಹೋಗಿ ಮಾತ್ರೆ ತಗೊಂಡ್ರಾ ಅಂತ ಕೇಳುವವರು ಬೇಕು.

ಮೊದಲು ಏನಿದೆ ಅಂತ ನೋಡಿ

ಸರ್ಕಾರದ ಹತ್ತಿರ ಏನೂ ಇಲ್ಲ ಅನ್ನುವುದು ಅರ್ಧ ಸತ್ಯ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಬಳ್ಳಾರಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಡಾಕ್ಟರ್‌ಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಕೆಲಸವನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇವತ್ತು ಅದನ್ನು ಎಲ್ಲರೂ ಡಿಎಂಎಚ್‌ಪಿ ಅಂತಲೇ ಕರೆಯುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ಅದಕ್ಕೊಂದು ತಂಡ ಇರಬೇಕು: ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್. ಎಲ್ಲ ಹುದ್ದೆ ತುಂಬಿದೆಯಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ನೀವೇ ಹೋಗಿ ಕೇಳಬೇಕು.

ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯ ಹೆಸರು ಮನೋಚೈತನ್ಯ. ಸಾಮಾನ್ಯವಾಗಿ ಮಂಗಳವಾರ. ಕೆಲವು ಕಡೆ ತಿಂಗಳಲ್ಲಿ ಒಂದೇ ಮಂಗಳವಾರ ಇರಬಹುದು, ಕೆಲವು ಕಡೆ ದಿನ ಬದಲಾಗಿರಬಹುದು. ಗೋಡೆಯ ಮೇಲಿನ ಬೋರ್ಡ್ ನಂಬಬೇಡಿ. ಔಷಧಿ ಕೊಡುವ ಕಿಟಕಿಯಲ್ಲಿ ಕೂರುವವರನ್ನು ಕೇಳಿ, ಡಾಕ್ಟರ್ ನಿಜವಾಗಿ ಯಾವತ್ತು ಬರುತ್ತಾರೆ, ಯಾವ ಮಾತ್ರೆ ಇದೆ, ಯಾವುದು ಖಾಲಿ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಇದರ ಜೊತೆಗೆ ಜಿಲ್ಲೆಗಳಲ್ಲಿ ಮಾನಸಧಾರ ಅನ್ನುವ ಹಗಲು ಆರೈಕೆ ಕೇಂದ್ರಗಳಿವೆ. ಗುಣವಾಗುತ್ತಿರುವವರು ಹಗಲು ಹೊತ್ತು ಅಲ್ಲಿ ಕೂತು ಏನಾದರೂ ಕೆಲಸ ಕಲಿಯಬಹುದು. ಕಷ್ಟದ ಕೇಸ್‌ಗೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರದ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್. ಫೋನಿನಲ್ಲಿ ಮಾತಾಡಲು ಟೆಲಿ ಮನಸ್, ನಂಬರ್ 14416, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ, ದುಡ್ಡಿಲ್ಲ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಕುಡಿತ, ಗಾಂಜಾ, ಮಾತ್ರೆ ಚಟಕ್ಕೆ ಬೇರೆ ನಂಬರ್ ಇದೆ, 14446. ಈ ಎರಡನ್ನೂ ಒಂದು ರಟ್ಟಿನ ಮೇಲೆ ದಪ್ಪಗೆ ಬರೆದು ರೇಷನ್ ಅಂಗಡಿ, ಹಾಲಿನ ಡೇರಿ, ಅಂಗನವಾಡಿ ಹತ್ತಿರ ಹಾಕಿಸಿ. ಒಂದು ದಿನದ ಕೆಲಸ ಅಷ್ಟೇ. ಆದರೆ ಹಾಕಿಸುವ ಮುಂಚೆ ನೀವೇ ಒಮ್ಮೆ ಫೋನ್ ಮಾಡಿ ನೋಡಿ, ಹೇಗೆ ಮಾತಾಡುತ್ತಾರೆ, ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಿದ್ದರೆ ನಾಳೆ ಇನ್ನೊಬ್ಬರಿಗೆ ಧೈರ್ಯವಾಗಿ ಹೇಳಬಹುದು.

ಮನೆಗಳನ್ನು ಹುಡುಕುವುದು

"ನಿಮ್ಮ ಬೀದಿಯಲ್ಲಿ ಮಾನಸಿಕ ರೋಗಿಗಳು ಯಾರಾದರೂ ಇದ್ದಾರಾ" ಅಂತ ಕೇಳಿದರೆ ಉತ್ತರ ಇಲ್ಲ ಅಂತಲೇ ಬರುತ್ತದೆ. ಹಾಗೆ ಕೇಳಬೇಡಿ. ಆಶಾ ಅಕ್ಕನ ಜೊತೆ ಕೂತು ಹೀಗೆ ಕೇಳಿ: ಯಾರ ಮನೆಯಲ್ಲಿ ಒಬ್ಬರು ತಿಂಗಳುಗಟ್ಟಲೆ ಹೊರಗೇ ಬಂದಿಲ್ಲ? ಒಬ್ಬೊಬ್ಬರೇ ಮಾತಾಡಿಕೊಂಡು ಓಡಾಡುವವರು ಯಾರು? ರಾತ್ರಿ ನಿದ್ದೆ ಇಲ್ಲ, ಗಾಳಿ ಸೋಕಿದೆ ಅಂತ ಹೇಳಿ ಯಾರನ್ನು ಎಲ್ಲೆಲ್ಲೋ ಕರೆದುಕೊಂಡು ಹೋಗುತ್ತಿದ್ದಾರೆ? ಹೆರಿಗೆ ಆದ ಮೇಲೆ ಮಗು ಎತ್ತಿಕೊಳ್ಳದೆ ಮಂಕಾಗಿ ಕೂತವಳು ಯಾರು? ಬೆಳಿಗ್ಗೆ ಆರಕ್ಕೇ ಬಾರ್ ಹತ್ತಿರ ನಿಲ್ಲುವವರು ಯಾರು? ಹೀಗೆ ಕೇಳಿದರೆ ಅರ್ಧ ಗಂಟೆಯಲ್ಲಿ ಹತ್ತು ಮನೆ ಸಿಗುತ್ತವೆ. ಆಶಾ, ಅಂಗನವಾಡಿ ಟೀಚರ್, ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುವವರು, ಈ ಮೂವರಿಗೆ ಗೊತ್ತಿಲ್ಲದ ಮನೆ ಊರಲ್ಲಿ ಇರುವುದು ಕಡಿಮೆ.

ಶಿವಮೊಗ್ಗದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು 2005ರಿಂದ ಇಂಥದೇ ಕೆಲಸ ಮಾಡಿದರು. ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳುವ, ಇಲ್ಲದ ಅನುಮಾನ ಬರುವ ಕಾಯಿಲೆ, ಇದ್ದು ಮನೆಯಲ್ಲೇ ಉಳಿದವರನ್ನು ಹುಡುಕುವುದು, ಹತ್ತಿರದಲ್ಲೇ ಔಷಧಿ ಕೊಡುವುದು, ಬರದಿದ್ದರೆ ಮನೆಗೇ ಹೋಗಿ ಕೇಳುವುದು. ಆಮೇಲೆ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲೂ ಮಾಡಿದರು. ವರ್ಷಗಟ್ಟಲೆ ಚಿಕಿತ್ಸೆಯೇ ಕಾಣದಿದ್ದವರು ಕಡಿಮೆ ಖರ್ಚಿನ ಹಳೇ ಮಾತ್ರೆಗಳಲ್ಲೇ ಚೇತರಿಸಿಕೊಂಡು ಕೆಲಸಕ್ಕೆ ಹೋದರು. ದೊಡ್ಡ ಯಂತ್ರ ಏನೂ ಬೇಕಾಗಲಿಲ್ಲ, ಬಿಡದೆ ವಿಚಾರಿಸುವ ಜನ ಬೇಕಾಯಿತು.

ಸಿಕ್ಕ ಹೆಸರುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ವಾಟ್ಸಾಪ್ ಗುಂಪಿನಲ್ಲಿ ಹಾಕಲೇಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಬ್ಬ ಹುಡುಗಿಯ ಹೆಸರು ಹೀಗೆ ಗುಂಪಿನಲ್ಲಿ ಬಂದು, ಆ ಮನೆಯವರು ಬಾಗಿಲು ಹಾಕಿಕೊಂಡವರು ಒಂದು ವರ್ಷ ತೆಗೆಯಲಿಲ್ಲ. ತಪ್ಪು ನಮ್ಮದೇ. ನೋಟ್‌ಬುಕ್ ಒಬ್ಬರ ಹತ್ತಿರ ಇರಲಿ, ಬೀಗದಲ್ಲಿರಲಿ.

ಮೊದಲ ಭೇಟಿಗೆ ಇಬ್ಬರೇ ಹೋಗಿ, ಒಬ್ಬರಾದರೂ ಹೆಂಗಸಿರಲಿ. ಕಾಯಿಲೆ ಅನ್ನುವ ಮಾತು ಮೊದಲೇ ಎತ್ತಬೇಡಿ. "ಅಣ್ಣ ಊಟ ಸರಿಯಾಗಿ ಮಾಡ್ತಾನಾ ಅಕ್ಕ, ರಾತ್ರಿ ನಿದ್ದೆ ಬರುತ್ತಾ" ಅಂತ ಕೇಳಿ. ನಿದ್ದೆಯ ಮಾತು ಎತ್ತಿದರೆ ತಾಯಂದಿರು ತಾವಾಗೇ ಎಲ್ಲ ಹೇಳುತ್ತಾರೆ. ಯಾಕೆಂದರೆ ಆ ಮನೆಯಲ್ಲಿ ಅವರೂ ನಿದ್ದೆ ಮಾಡಿ ತಿಂಗಳುಗಳಾಗಿರುತ್ತವೆ.

ಮೊದಲ ಪ್ರಯಾಣ

ನಾನು ಕಂಡ ಹಾಗೆ ಮೊದಲ ಸಲ ಆಸ್ಪತ್ರೆಗೆ ಹೋಗುವ ದಿನವೇ ಎಲ್ಲಕ್ಕಿಂತ ಕಷ್ಟದ್ದು. ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ಅಜ್ಜಿ, ಮೂವತ್ತೆರಡು ವರ್ಷದ ಮಗ. ಎಂಟು ವರ್ಷದಿಂದ ಕಾಯಿಲೆ. ಬೆಳಿಗ್ಗೆ ಏಳರ ಬಸ್ಸಿಗೆ ಬರುತ್ತೇವೆ ಅಂದಿದ್ದರು. ಬರಲಿಲ್ಲ. ಮನೆಗೆ ಹೋದರೆ ಮಗ ರೆಡಿಯಾಗಿ ಕೂತಿದ್ದಾನೆ, ಅಜ್ಜಿ ಡಬ್ಬಿಯಲ್ಲಿ ಚಿಲ್ಲರೆ ಎಣಿಸುತ್ತಿದ್ದಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ, ಅಜ್ಜಿಗೆ ಟಿಕೆಟ್ ಬೇಡ. ಮಗನಿಗೆ ಬೇಕು. ಹೋಗಿ ಬರುವ ಅಷ್ಟು ದುಡ್ಡು ಅವತ್ತು ಆ ಡಬ್ಬಿಯಲ್ಲಿ ಇರಲಿಲ್ಲ. ಎಂಟು ವರ್ಷದ ಕಾಯಿಲೆ ಇನ್ನೊಂದು ತಿಂಗಳು ಮುಂದಕ್ಕೆ ಹೋಗುತ್ತಿದ್ದದ್ದು ಅಷ್ಟಕ್ಕೇ.

ಆದ್ದರಿಂದ ನಿಮ್ಮ ಹತ್ತಿರ ದುಡ್ಡು ಅಂತ ಸ್ವಲ್ಪ ಇದ್ದರೆ ಮೊದಲು ಬಸ್ ಚಾರ್ಜ್‌ಗೆ ಮತ್ತೆ ಮಧ್ಯಾಹ್ನದ ಊಟಕ್ಕೆ ಇಡಿ. ಬ್ಯಾನರ್‌ಗೆ ಬೇಡ, ಉದ್ಘಾಟನೆಗೆ ಬೇಡ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘದವರು ವಾರದ ಕಂತು ಕಟ್ಟುವಾಗ ಒಂದೊಂದು ಸಂಘ ಐವತ್ತು ರೂಪಾಯಿ ಇದಕ್ಕೆ ಅಂತ ತೆಗೆದಿಡಲು ಒಪ್ಪಿದರು, ಅದರಲ್ಲೇ ನಡೆಯುತ್ತಿದೆ. ಗ್ರಾಮ ಪಂಚಾಯ್ತಿಗಳು ತಮ್ಮ ನಿಧಿಯಲ್ಲಿ ನೂರಕ್ಕೆ 5 ಭಾಗ ಅಂಗವಿಕಲರಿಗಾಗಿ ಇಡಬೇಕು. ಮನಸ್ಸಿನ ಕಾಯಿಲೆಯೂ ಆ ಲೆಕ್ಕಕ್ಕೆ ಬರುತ್ತದೆ ಅಂತ ಪಿಡಿಒಗೆ ನೆನಪಿಸಿ, ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಒಪ್ಪಿಗೆ ಮುಂದಿನ ಸಭೆಗೆ ಮರೆತುಹೋಗುತ್ತದೆ.

ಏನೇನು ತಗೊಂಡು ಹೋಗಬೇಕು? ರೇಷನ್ ಕಾರ್ಡ್, ಆಧಾರ್, ಹಳೇ ಚೀಟಿ ಇದ್ದರೆ ಅದು, ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಹಾಳೆಗಳು, ನಾಟಿ ಔಷಧಿ ಆದರೂ ಸರಿ. ಕಾರ್ಡ್ ಇಲ್ಲ ಅಂತ ಯಾರಾದರೂ ವಾಪಸ್ ಕಳಿಸಿದರೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಸ್ಪಷ್ಟವಾಗಿದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡ್ ಇರಲಿ ಇಲ್ಲದಿರಲಿ, ಮನೆಮಠ ಇಲ್ಲದವರಿಗೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಈ ಕಾಯ್ದೆಯಲ್ಲಿ ಕುಡಿತ ಮತ್ತು ಮಾದಕ ವಸ್ತುವಿನಿಂದ ಬರುವ ಮನಸ್ಸಿನ ತೊಂದರೆಯೂ ಸೇರಿದೆ.

ಇನ್ನೊಂದು. ಡಾಕ್ಟರ್‌ಗೆ ಹೇಳಬೇಕಾದ್ದನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡಿ. ಯಾವಾಗ ಶುರುವಾಯಿತು, ಏನೇನು ಮಾಡುತ್ತಾರೆ, ಫಿಟ್ಸ್ ಬರುತ್ತಾ, ಕುಡಿಯುತ್ತಾರಾ, ಸಾಯುವ ಮಾತು ಆಡಿದ್ದಾರಾ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ. ಕೋಣೆಯೊಳಗೆ ಹೋದ ಮೇಲೆ ಸಿಗುವುದು ಐದಾರು ನಿಮಿಷ. ಅಜ್ಜಿಯರು ಗಾಬರಿಯಲ್ಲಿ "ಸ್ವಲ್ಪ ಸುಸ್ತು ಸ್ವಾಮಿ" ಅಂತ ಹೇಳಿ ಟಾನಿಕ್ ಬರೆಸಿಕೊಂಡು ಬಂದುಬಿಡುತ್ತಾರೆ. ಇದನ್ನು ಕಣ್ಣಾರೆ ಎಷ್ಟೋ ಸಲ ನೋಡಿದ್ದೇನೆ.

ವಾಪಸ್ ಬಂದ ಮೇಲಿನ ಎರಡು ವಾರ

ಚಿಕಿತ್ಸೆ ಬಿಟ್ಟುಹೋಗುವುದು ಇಲ್ಲಿ. ಮಾತ್ರೆ ಶುರು ಮಾಡಿದ ಮೊದಲ ದಿನಗಳಲ್ಲಿ ನಿದ್ದೆ ಜಾಸ್ತಿ, ಕೈಕಾಲು ಬಿಗಿ, ಬಾಯಿ ಒಣಗುವುದು, ಕೆಲವರಿಗೆ ಜೊಲ್ಲು ಸುರಿಯುವುದು. ಗುಣ ಕಾಣುವುದು ಮಾತ್ರ ನಿಧಾನ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮನೆಯವರಿಗೆ ಮೊದಲು ಕಾಣುವುದು ತೊಂದರೆ, ಆಮೇಲೆ ಕಾಣುವುದು ಗುಣ. ನಡುವೆ ಪಕ್ಕದ ಮನೆಯವರು ಬಂದು "ಅದೆಲ್ಲ ಬರೀ ನಿದ್ದೆ ಮಾತ್ರೆ ಕಣ್ರೀ, ಅಭ್ಯಾಸ ಆಗಿಬಿಡುತ್ತೆ" ಅನ್ನುತ್ತಾರೆ. ಮಾತ್ರೆ ಹಿತ್ತಲಿಗೆ ಹೋಗುತ್ತದೆ.

ಆದ್ದರಿಂದ ಮೂರನೇ ದಿನ ಒಮ್ಮೆ ಮನೆಗೆ ಹೋಗಿ, ಏಳನೇ ದಿನ ಒಮ್ಮೆ, ಹದಿನಾಲ್ಕನೇ ದಿನ ಒಮ್ಮೆ. ಹಾಳೆಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಅಂತ ನೋಡಿ. ಬೈಯಬೇಡಿ. ಕೈ ಬಿಗಿಯಾಗಿದೆ ಅಂದರೆ ಅದಕ್ಕೂ ಮಾತ್ರೆ ಇದೆ, ಡಾಕ್ಟರ್‌ಗೆ ಹೇಳೋಣ ಅನ್ನಿ. ಇಷ್ಟ ಬಂದ ಹಾಗೆ ನಿಲ್ಲಿಸಬೇಡಿ ಅಂತ ಹೇಳಿ. ನುಂಗಲು ಒಪ್ಪದವರಿಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇರುತ್ತದೆ, ಅದು ಸರಿ ಹೋಗುತ್ತದಾ ಅಂತ ಡಾಕ್ಟರ್ ಹತ್ತಿರ ಕೇಳಬಹುದು.

ಹೋಗಿ ಬಂದದ್ದನ್ನು ಬರೆಯುವ ನಮ್ಮ ನೋಟ್‌ಬುಕ್ ಬೇರೆ, ಅದರಲ್ಲಿ ಒಂದು ಮನೆಗೆ ಒಂದು ಪುಟ. ಮೇಲೆ ಹೆಸರಿಲ್ಲ, ಒಂದು ನಂಬರ್ ಅಷ್ಟೇ. ಕೆಳಗೆ ತಾರೀಕು, ಉಳಿದ ಮಾತ್ರೆ, ನಿದ್ದೆ, ಊಟ, ಕೆಲಸಕ್ಕೆ ಹೋದನಾ, ಮುಂದಿನ ಮಂಗಳವಾರ ಯಾವುದು. ಆ ಅಜ್ಜಿಯ ಮಗನ ಪುಟದಲ್ಲಿ ನಾಲ್ಕನೇ ತಿಂಗಳು ಒಂದು ಸಾಲು ಇದೆ: "ಇವತ್ತು ತಾನೇ ಹಸು ಹೊಡೆದುಕೊಂಡು ಹೋದ." ಅದನ್ನು ಬರೆದ ನಮ್ಮ ಅಂಗನವಾಡಿ ಟೀಚರ್ ಆ ಪುಟವನ್ನು ನನಗೆ ಎರಡು ಸಲ ತೆಗೆದು ತೋರಿಸಿದರು.

ಕುಡಿತದ ವಿಷಯ

ಇಲ್ಲಿ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ತಪ್ಪು ಆದರೆ ಜೀವ ಹೋಗುತ್ತದೆ.

2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಲ್ಲಲಿಲ್ಲ. ಸಾರಾಯಿ ಪಾಕೀಟಿನ ಜಾಗಕ್ಕೆ ಕಡಿಮೆ ಬೆಲೆಯ ಸಣ್ಣ ಪ್ಯಾಕ್ ಬಂತು. ಚಿಕಿತ್ಸೆ ಮಾತ್ರ ಅದರ ಹಿಂದೆ ಬರಲಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಮನೆಯಲ್ಲಿ ಹೆಂಡತಿ ಮಕ್ಕಳೇ ಡಾಕ್ಟರ್, ಅವರೇ ನರ್ಸ್, ಅವರೇ ಏಟು ತಿನ್ನುವವರು.

ಮೊದಲು ನಾಲ್ಕು ಪ್ರಶ್ನೆ ಕೇಳಿ. ಕುಡಿಯುವುದು ಕಡಿಮೆ ಮಾಡಬೇಕು ಅಂತ ಯಾವತ್ತಾದರೂ ಅನ್ನಿಸಿತ್ತಾ? ಯಾರಾದರೂ ಕುಡಿತದ ಬಗ್ಗೆ ಅಂದಾಗ ಸಿಟ್ಟು ಬಂದಿತ್ತಾ? ಕುಡಿದು ತಪ್ಪು ಮಾಡಿದೆ ಅಂತ ಬೇಜಾರಾಗಿತ್ತಾ? ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಲು ಕುಡಿಯಬೇಕಾಗುತ್ತದಾ? ಎರಡಕ್ಕೆ ಹೌದು ಅಂದರೆ ಡಾಕ್ಟರ್ ನೋಡಬೇಕು. ಕೊನೆಯದಕ್ಕೆ ಹೌದು ಅಂದರೆ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಲೇಬೇಡಿ.

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಗೋಡೆ ಮೇಲೆ ಹುಳ ಹರಿದ ಹಾಗೆ ಕಾಣುವುದು, ಯಾರೋ ಕರೆದ ಹಾಗೆ ಕೇಳುವುದು, ಇದು ಯಾವ ಊರು ಅನ್ನುವುದೇ ಗೊತ್ತಾಗದಿರುವುದು, ಜೊತೆಗೆ ಜ್ವರ. ಊರಲ್ಲಿ ಇದನ್ನು ದೆವ್ವ ಹಿಡಿದಿದೆ ಅನ್ನುತ್ತಾರೆ. ಇದು ಕುಡಿತ ನಿಂತಿದ್ದರಿಂದ ಬರುವ ಸನ್ನಿ. ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಸಾಯಬಹುದು. ಇದಕ್ಕೆ ಮಾತ್ರೆ ಇದೆ, ಐದರಿಂದ ಹತ್ತು ದಿನದಲ್ಲಿ ಕಡಿಮೆ ಮಾಡುತ್ತಾ ಬರುತ್ತಾರೆ. ಇನ್ನೊಂದು ಮಾತು ನೆನಪಿಡಿ: ಸುಸ್ತು ಅಂತ ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸುವ ಮುಂಚೆ "ಇವರು ದಿನಾ ಕುಡಿಯುವವರು" ಅಂತ ಬಾಯಿಬಿಟ್ಟು ಹೇಳಿ. ಅಂಥವರಿಗೆ ಬಿ1 ವಿಟಮಿನ್ ಮೊದಲು ಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟಾಗಬಹುದು.

ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸಿ ಕೊಡುವ ಪುಡಿ, ಮಾತ್ರೆಗಳ ಜಾಹೀರಾತು ನೋಡಿರುತ್ತೀರಿ. ಬೇಡ. ಡಾಕ್ಟರ್‌ಗಳು ಕೊಡುವ ಒಂದು ಮಾತ್ರೆ ಇದೆ, ಅದನ್ನು ನುಂಗಿ ಕುಡಿದರೆ ಎದೆ ಡವಗುಟ್ಟಿ, ಮುಖ ಕೆಂಪಾಗಿ, ಬಿಪಿ ಕುಸಿಯುತ್ತದೆ. ಅದನ್ನು ಕುಡಿಯುವವನಿಗೆ ತಿಳಿಸಿ, ಅವನೇ ಒಪ್ಪಿದ ಮೇಲೆ ಮಾತ್ರ ಕೊಡಬೇಕು. ಗೊತ್ತಿಲ್ಲದೆ ಕೊಟ್ಟರೆ ಅವನು ಸಂಜೆ ಎಂದಿನಂತೆ ಕುಡಿಯುತ್ತಾನೆ. ಹೆಂಡತಿಯರು ಕಷ್ಟ ತಡೆಯಲಾಗದೆ ಹೀಗೆ ಮಾಡುತ್ತಾರೆ, ಅವರನ್ನು ದೂರಬೇಡಿ, ಕೂತು ವಿವರಿಸಿ.

ಇನ್ನು ಬಿಡಿಸುವ ಶಿಬಿರಗಳು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎಂಟು ದಿನವಲ್ಲ, ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ. ತಮಿಳುನಾಡಿನ ಮಂಜಕ್ಕುಡಿಯಲ್ಲಿ ಚಟ ಬಿಡಿಸುವ ಚೆನ್ನೈನ ಟಿಟಿಕೆ ಆಸ್ಪತ್ರೆಯವರು 1989ರಿಂದ ಹಳ್ಳಿಯಲ್ಲೇ ಶಿಬಿರ ಮಾಡಿದಾಗಲೂ ಊರಿನವರನ್ನೇ ಸೇರಿಸಿಕೊಂಡಿದ್ದರು. ಶಿಬಿರ ಮಾಡಿಸುವುದಾದರೆ ಎರಡು ವಿಷಯ ಬಿಡಬೇಡಿ. ಮೊದಲ ದಿನ ಸರ್ಕಾರಿ ವೈದ್ಯರು ಎಲ್ಲರನ್ನೂ ಪರೀಕ್ಷೆ ಮಾಡಿ ನಡುಕ, ಫಿಟ್ಸ್ ಇರುವವರನ್ನು ಆಸ್ಪತ್ರೆಗೆ ಕಳಿಸಲಿ. ಶಿಬಿರ ಮುಗಿದ ಮರುದಿನದಿಂದ ವಾರಕ್ಕೊಮ್ಮೆ ಸೇರುವ ಜಾಗ, ಹೊತ್ತು, ನಡೆಸುವವರು ಮೊದಲೇ ಗೊತ್ತಾಗಿರಲಿ. ಪೇಟೆ ಹತ್ತಿರ ಇದ್ದರೆ ಎಎ, ಅಂದರೆ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ತಾವೇ ಸೇರುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಇರುತ್ತದೆ, ಶುಲ್ಕ ಇಲ್ಲ. ಹೆಂಡತಿ, ತಾಯಂದಿರಿಗೆ ಅಲನಾನ್ ಅಂತ ಬೇರೆ ಗುಂಪು ಇದೆ.

"ನಾವು ಓದಿದವರಲ್ಲ, ನಾವೇನು ಕೌನ್ಸೆಲಿಂಗ್ ಮಾಡುವುದು" ಅಂತ ಜನ ಹಿಂಜರಿಯುತ್ತಾರೆ. ಗೋವಾದಲ್ಲಿ ಸಂಗತ್ ಅನ್ನುವ ಸಂಸ್ಥೆ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಡಾಕ್ಟರ್ ಅಲ್ಲದ, ತರಬೇತಿ ಪಡೆದ ಸ್ಥಳೀಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಡಿಯುವ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. 2017ರಲ್ಲಿ ಫಲಿತಾಂಶ ಬಂತು. ಮೂರು ತಿಂಗಳಾದ ಮೇಲೆ, ಹಿಂದಿನ 14 ದಿನ ಒಂದು ಹನಿಯನ್ನೂ ಮುಟ್ಟದವರು ಈ ಗುಂಪಿನಲ್ಲಿ ನೂರಕ್ಕೆ 42, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 18. ಮಾತು ಅಂದರೆ ಬುದ್ಧಿವಾದವಲ್ಲ. ಯಾವ ಹೊತ್ತಿಗೆ ಆಸೆ ಬರುತ್ತದೆ, ಯಾರ ಜೊತೆ ಹೋದಾಗ, ಬಟವಾಡೆ ದಿನ ಯಾವ ದಾರಿಯಲ್ಲಿ ಮನೆಗೆ ಬರುತ್ತಾನೆ, ಈ ಥರದ್ದು. ಒಬ್ಬ ಗಾರೆ ಕೆಲಸದವರಿಗೆ ನಾವು ಮಾಡಿದ್ದು ಇಷ್ಟೇ: ಶನಿವಾರದ ಕೂಲಿಯನ್ನು ಮೇಸ್ತ್ರಿ ಅವರ ಒಪ್ಪಿಗೆ ಮೇಲೆ ಹೆಂಡತಿಯ ಫೋನಿಗೆ ಕಳಿಸುವುದು, ಆ ಸಂಜೆ ಒಬ್ಬರು ಜೊತೆಯಲ್ಲಿ ಟೀ ಕುಡಿದು ಮನೆತನಕ ಬರುವುದು. ಮೂರು ಸಲ ಮತ್ತೆ ಕುಡಿದರು. ಮೂರು ಸಲವೂ ಮತ್ತೆ ಶುರು ಮಾಡಿದೆವು. ಮತ್ತೆ ಕುಡಿದರು ಅಂತ ಹೆಸರು ಹೊಡೆದುಹಾಕಬೇಡಿ, ಬಿಪಿ ಮತ್ತೆ ಏರಿತು ಅಂತ ಯಾರನ್ನಾದರೂ ಕೈಬಿಡುತ್ತೇವಾ?

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸುವ ಮುಂಚೆ ವಿಚಾರಿಸಿ. ಒಳಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. ನೋಂದಣಿ ಪತ್ರ ತೋರಿಸಿ ಅನ್ನಿ. ಡಾಕ್ಟರ್ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮನೆಯವರು ಯಾವಾಗ ನೋಡಬಹುದು ಅಂತ ಕೇಳಿ. ಮೂರು ತಿಂಗಳು ಮುಖ ನೋಡಬಾರದು ಅನ್ನುವ ಕಡೆ ಬಿಡಬೇಡಿ. ನಮ್ಮ ಪಕ್ಕದ ಊರಿನವರೊಬ್ಬರನ್ನು ಅಂಥ ಒಂದು ಕಡೆ ಬಿಟ್ಟಿದ್ದರು, ವಾಪಸ್ ಕರೆತಂದಾಗ ಬೆನ್ನ ಮೇಲೆ ಬಾಸುಂಡೆ ಇತ್ತು. ಸರಪಳಿ ಹಾಕುವುದು ಯಾವ ರೂಪದಲ್ಲೇ ಆಗಲಿ ಕಾನೂನಿನಲ್ಲಿ ನಿಷೇಧ, 95ನೇ ಕಲಂ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಇಲಾಖೆಯ ಅನುದಾನದಲ್ಲಿ ನಡೆಯುವ ಉಚಿತ ಕೇಂದ್ರಗಳೂ ಇವೆ, 14446ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಯಾವುದು ಅಂತ ಕೇಳಬಹುದು.

ದೇವಸ್ಥಾನ, ದರ್ಗಾ

ಇದರ ಜೊತೆ ಜಗಳ ಆಡಬೇಡಿ. ಜನ ಮೊದಲು ಹೋಗುವುದು ಅಲ್ಲಿಗೇ, ಹೋಗಿ ಸಮಾಧಾನ ಪಡೆಯುವುದೂ ನಿಜ. ಗುಜರಾತಿನ ಉನಾವದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರು ದರ್ಗಾದವರ ಜೊತೆ ಸೇರಿ ಅಲ್ಲೇ ಕ್ಲಿನಿಕ್ ನಡೆಸುತ್ತಾರೆ, ಪ್ರಾರ್ಥನೆಯೂ ಇರಲಿ ಔಷಧಿಯೂ ಇರಲಿ ಅಂತ. ನಾವು ನಮ್ಮ ಕಡೆಯ ಒಬ್ಬ ಪೂಜಾರಿ ಅಜ್ಜನ ಹತ್ತಿರ ಹೋಗಿ ಕೇಳಿದ್ದು ಒಂದೇ ಮಾತು: "ಅಜ್ಜ, ನೀವು ತಾಯತ ಕಟ್ಟಿ. ಕಟ್ಟಿದ ಮೇಲೆ ಮಂಗಳವಾರ ಆಸ್ಪತ್ರೆಗೂ ಹೋಗು ಅಂತ ನಿಮ್ಮ ಬಾಯಲ್ಲೇ ಹೇಳಿ." ಅವರು ಒಪ್ಪಿದರು. ನಾವು ಹತ್ತು ಸಲ ಹೇಳಿದರೂ ಬಾರದವರು ಅವರು ಒಮ್ಮೆ ಹೇಳಿದಾಗ ಬಂದರು. ಆದರೆ ಕಟ್ಟಿಹಾಕುವುದು, ಹೊಡೆಯುವುದು, ಊಟ ಬಿಡಿಸುವುದು ಇದ್ದರೆ ಸುಮ್ಮನೆ ಇರಬಾರದು. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸುಟ್ಟುಹೋದರು.

ತಡ ಮಾಡಬಾರದ ಹೊತ್ತು

ಸಾಯುತ್ತೇನೆ ಅನ್ನುವವರನ್ನು ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಕೇಳಿದರೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು. ಕೇಳಿದರೆ ಹಗುರವಾಗುತ್ತಾರೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕದ ಡಬ್ಬಿ, ಉಳಿದ ಮಾತ್ರೆ ಎಲ್ಲವನ್ನೂ ಅವತ್ತೇ ಬೇರೆ ಮನೆಗೆ ಸಾಗಿಸಿ. 14416ಕ್ಕೆ ಫೋನ್ ಮಾಡಿ, ಆಗಲೇ ವಿಷವನ್ನೋ ಮಾತ್ರೆಯನ್ನೋ ತೆಗೆದುಕೊಂಡಿದ್ದರೆ 108. ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಗೆ ಹೋಗದೆ ಇರುವವರಿಗೆ ಹೇಳಿ, ಸಾಯಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ, ಶಿಕ್ಷೆ ಇಲ್ಲ, ಅದೇ 2017ರ ಕಾಯ್ದೆಯ 115ನೇ ಕಲಂ. ಬೀದಿಯಲ್ಲಿ ಅಲೆಯುತ್ತಿರುವ, ನೋಡಿಕೊಳ್ಳುವವರಿಲ್ಲದವರು ಕಂಡರೆ ಠಾಣೆಗೆ ತಿಳಿಸಿ. 100ನೇ ಕಲಂ ಪ್ರಕಾರ ಅವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಸೇರಿಸುವುದು ಪೊಲೀಸರ ಜವಾಬ್ದಾರಿ, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಇನ್ನಷ್ಟು ಸೇವೆ ಕೇಳುವುದು

ಆರು ತಿಂಗಳು ನೋಟ್‌ಬುಕ್ ಬರೆದ ಮೇಲೆ ನಿಮ್ಮ ಹತ್ತಿರ ಲೆಕ್ಕ ಇರುತ್ತದೆ. ಎಷ್ಟು ಮನೆ, ಎಷ್ಟು ಜನ ಮಂಗಳವಾರ ಬಂದರು, ಎಷ್ಟು ಸಲ ಡಾಕ್ಟರ್ ಬರಲಿಲ್ಲ, ಯಾವ ಮಾತ್ರೆ ಎಷ್ಟು ಸಲ ಇರಲಿಲ್ಲ. ಹೆಸರು ತೆಗೆದು ಬರೀ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಬೇಡಿಕೆ ಒಂದೋ ಎರಡೋ ಇರಲಿ. ತಿಂಗಳಿಗೆ ಇನ್ನೊಂದು ಮಂಗಳವಾರ ಬೇಕು. ಹೋಬಳಿಯ ಆರೋಗ್ಯ ಕೇಂದ್ರದಲ್ಲೇ ಎರಡನೇ ತಿಂಗಳಿನಿಂದ ಮಾತ್ರೆ ಸಿಗಬೇಕು. ಈ ಎರಡನೆಯದು ಆದರೆ ಅರ್ಧ ಕಷ್ಟ ಕಳೆದ ಹಾಗೆ, ಯಾಕೆಂದರೆ ಗುಣವಾಗುತ್ತಿರುವವರು ಬರೀ ಮಾತ್ರೆಗಾಗಿ ಒಂದು ದಿನದ ಕೂಲಿ ಕಳೆದುಕೊಳ್ಳಬೇಕಿಲ್ಲ.

ಮಾತ್ರೆ ಖಾಲಿ ಅಂದಾಗ ಸುಮ್ನೆ ವಾಪಸ್ ಬರಬೇಡಿ. ಇಂಡೆಂಟ್, ಅಂದರೆ ಮಾತ್ರೆ ಕಳಿಸಿ ಅಂತ ಬರೆಯುವ ಬೇಡಿಕೆ ಚೀಟಿ, ಯಾವತ್ತು ಹಾಕಿದ್ದಾರೆ ಅಂತ ಕೇಳಿ, ಆರೋಗ್ಯ ರಕ್ಷಾ ಸಮಿತಿಯ ದುಡ್ಡಿನಲ್ಲಿ ಹೊರಗಿನಿಂದ ತರಿಸಲು ಆಗುತ್ತದಾ ಅಂತ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಕೊಡಬೇಕು. ಜಗಳ ಮಾಡಿದವರಿಗಿಂತ, ಪ್ರತಿ ತಿಂಗಳು ಒಂದೇ ಹಾಳೆ ಹಿಡಿದುಕೊಂಡು ಮೆತ್ತಗೆ ಬರುವವರಿಗೆ ಕಚೇರಿಯಲ್ಲಿ ಬೇಗ ಕೆಲಸ ಆಗುವುದನ್ನು ನೋಡಿದ್ದೇನೆ. ಅಲ್ಲಿರುವವರಿಗೂ ಕೆಲಸದ ಹೊರೆ ಇದೆ, ಔಷಧಿ ಕಿಟಕಿಯವರ ಹೆಸರು ಹಿಡಿದು ನಮಸ್ಕಾರ ಹೇಳಿ.

ವರ್ಷಗಟ್ಟಲೆ ಕಾಯಿಲೆ ಇದ್ದು ದುಡಿಯಲಾಗದವರಿಗೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯಲ್ಲಿ ಮನಸ್ಸಿನ ಕಾಯಿಲೆಯೂ ಒಂದು, ನೂರಕ್ಕೆ 40 ಅಥವಾ ಜಾಸ್ತಿ ಅಂತ ಮನೋವೈದ್ಯರು ಬರೆದರೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ವಿಆರ್‌ಡಬ್ಲ್ಯೂ ಜೊತೆಗಿದ್ದರೆ ಓಡಾಟ ಕಡಿಮೆ.

ಯಾರು ಮಾಡುವುದು

ಒಂದು ಹೋಬಳಿಗೆ ನಾಲ್ಕು ಜನ ಸಾಕು, ಆದರೆ ಒಬ್ಬರೇ ಸಾಲದು. ಒಬ್ಬೊಬ್ಬರು ಎಂಟು ಹತ್ತು ಮನೆಗಿಂತ ಜಾಸ್ತಿ ಹಿಡಿಯಬೇಡಿ. ಗುಣವಾದವರನ್ನೇ, ಅವರ ಮನೆಯವರನ್ನೇ ಸೇರಿಸಿಕೊಳ್ಳಿ. ಕುಡಿತ ಬಿಟ್ಟು ಎರಡು ವರ್ಷವಾದ ಒಬ್ಬರ ಮಾತು ಕುಡಿಯುವವರಿಗೆ ನಾಟುವ ಹಾಗೆ ನನ್ನದು ನಾಟುವುದಿಲ್ಲ. ಆಶಾ ಅಕ್ಕಂದಿರ ಮೇಲೆ ಈಗಾಗಲೇ ಹೊರೆ ಇದೆ, ಅವರಿಂದ ಮನೆಯ ಗುರುತು ಕೇಳಿ, ಓಡಾಟ ನೀವು ಮಾಡಿ. ತರಬೇತಿಗೆ ಡಿಎಂಎಚ್‌ಪಿ ತಂಡವನ್ನೇ ಒಂದು ದಿನ ಕರೆಸಿ, ಊರಿನ ಶಾಲೆಯಲ್ಲಿ ಕೂರಿಸಿ.

ತಿಂಗಳಿಗೊಮ್ಮೆ ನಾಲ್ವರೂ ಸೇರಿ ಪುಟಗಳನ್ನು ತಿರುವಿ ಹಾಕಿ. ಯಾರ ಪುಟ ಎರಡು ತಿಂಗಳಿಂದ ಖಾಲಿ ಅಂತ ನೋಡಿ, ಅವರ ಮನೆಗೆ ಬೇರೆಯವರು ಹೋಗಲಿ. ಇನ್ನು ಸೋಮವಾರ ಸಂಜೆ ಏಳರ ನಂತರ, ದನ ಕಟ್ಟಿ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ, ಮರುದಿನ ಹೋಗಬೇಕಾದವರಿಗೆಲ್ಲ ಒಂದು ಫೋನ್. ಬಸ್ ಎಷ್ಟು ಹೊತ್ತಿಗೆ, ಯಾರು ಜೊತೆಗೆ ಬರುತ್ತಾರೆ, ಟಿಕೆಟ್ ದುಡ್ಡು ಇದೆಯಾ.